ಹಿಟ್ಟಿನ ಕೆಮ್ಮು

ನಮ್ಮ ಕಡೆ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದರೆ ಮನೆಯವರು ಎರಡು ದಿನ ಬೈಯುತ್ತಾರೆ, ಆಮೇಲೆ ಯಾವುದಾದರೂ ಬೇಕರಿಗೆ ಫೋನ್ ಮಾಡುತ್ತಾರೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯಲ್ಲಿ ದೂರದ ಊರಲ್ಲೊಂದು ಬೇಕರಿ ಇಟ್ಟ ನೆಂಟರಿಲ್ಲದ ಮನೆ ಕಡಿಮೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ ಕೂಡ ಹಾಸನದ ಕಡೆಯವರೇ. ಇವತ್ತು ಹೈದರಾಬಾದಿನ ಗಲ್ಲಿಗಲ್ಲಿಯಲ್ಲಿ ಬೆಂಗಳೂರು ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಕಾಣುತ್ತದೆ. ಬೋರ್ಡಿನ ಮೇಲೆ ಅಯ್ಯಂಗಾರ್, ಒಳಗೆ ಮೈದಾ ಕಲಸುವವರು ನಮ್ಮಂಥ ಎಲ್ಲ ಜಾತಿಯ ಹುಡುಗರು.

ನಾನು ಬಂದಿಳಿದದ್ದು ಸನತ್‌ನಗರಕ್ಕೆ. ನಿಜಾಮರ ಕಾಲದಿಂದಲೂ ಅದು ಕಾರ್ಖಾನೆಗಳ ಜಾಗ. ಒಂದು ಕಾಲಕ್ಕೆ ಇಡೀ ದೇಶಕ್ಕೆ ಫ್ರಿಜ್ಜು ಕಳಿಸುತ್ತಿದ್ದ ಆಲ್ವಿನ್ ಕಂಪನಿ ಅಲ್ಲಿಯದೇ. ನಾನು ಬರುವ ಹೊತ್ತಿಗೆ ಆ ಕಾಲ ಮುಗಿದಿತ್ತು, ಆದರೂ ಸಣ್ಣಪುಟ್ಟ ಶೆಡ್ಡುಗಳ ಶಿಫ್ಟು ನಡೆದೇ ಇತ್ತು. ನಮ್ಮ ಗಿರಾಕಿಗಳು ಆ ಶಿಫ್ಟಿನವರು ಮತ್ತು ಇಎಸ್‌ಐ ಆಸ್ಪತ್ರೆಯಲ್ಲಿ ರೋಗಿ ನೋಡಿಕೊಳ್ಳುವವರು. ಬೆಳಗ್ಗೆ ಆರಕ್ಕೆಲ್ಲ ಬನ್ನು, ಬ್ರೆಡ್ಡು, ರಸ್ಕು ಕೇಳಿಕೊಂಡು ಬರುತ್ತಿದ್ದರು. ಸಂಜೆ ಪಫ್ಸು, ಆಲೂ ಬನ್ನು, ದಿಲ್‌ಪಸಂದ್, ಮೇಲೆ ಕೆಂಪಗೆ ಜಾಮ್ ಬಳಿದು ಕೊಬ್ಬರಿ ಉದುರಿಸಿದ ಹನಿ ಕೇಕು. ಹೈದರಾಬಾದಿನವರಿಗೆ ಉಸ್ಮಾನಿಯಾ ಬಿಸ್ಕೆಟ್ ಇಲ್ಲದೆ ಚಹಾ ಇಳಿಯುವುದಿಲ್ಲ, ಹಾಗಾಗಿ ಅದನ್ನೂ ಕಲಿತೆವು.

ಕೆಲಸ ಶುರುವಾಗುತ್ತಿದ್ದದ್ದು ನಡುರಾತ್ರಿಯ ಮೇಲೆ. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆ. ಒಂದು ಮೂಲೆಯಲ್ಲಿ ಡೀಸೆಲ್ ಓವನ್ನು, ಎದುರಿಗೆ ಮಿಕ್ಸರ್, ನಡುವೆ ಉದ್ದನೆಯ ಮೇಜು. ನನ್ನ ಪಾಲಿಗೆ ಮಿಕ್ಸರ್. ಐವತ್ತು ಕೆ.ಜಿ.ಯ ಮೈದಾ ಮೂಟೆಯನ್ನು ಎದೆಗಾನಿಸಿಕೊಂಡು ಎತ್ತಿ, ಬಾಯಿ ಬಿಚ್ಚಿ, ಧೊಪ್ಪನೆ ಸುರಿಯುವುದು. ಮೇಲೆ ಈಸ್ಟು, ಸಕ್ಕರೆ, ಉಪ್ಪು, ಒಂದು ಹಿಡಿ ಇಂಪ್ರೂವರ್ ಪುಡಿ. ಸ್ವಿಚ್ಚು ಹಾಕಿದ ಕೂಡಲೇ ಬಿಳಿ ಮೋಡ ಏಳುತ್ತಿತ್ತು. ನೀರು ಬಿದ್ದು ಹಿಟ್ಟು ಮುದ್ದೆಯಾಗುವವರೆಗೆ ಎದುರಿಗಿದ್ದವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಮೇಜಿಗೆ ಒಣ ಹಿಟ್ಟು ಎರಚಿ ಉಂಡೆ ಕಟ್ಟುವುದು. ಕೊನೆಗೆ ಪೊರಕೆ ಹಿಡಿದು ನೆಲ ಗುಡಿಸುವುದು. ಗುಡಿಸುವಾಗ ಏಳುವ ಧೂಳು ಸುರಿಯುವಾಗಿನದಕ್ಕಿಂತ ಹೆಚ್ಚು.

ಮೊದಲು ಹಿಡಿದದ್ದು ಮೂಗು. ಮೂಟೆ ಬಿಚ್ಚಿದರೆ ಸಾಕು, ಸಾಲು ಸೀನು, ಕಣ್ಣಲ್ಲಿ ನೀರು. ಬೇಕರಿಯ ಮುಖ್ಯ ಕೆಲಸಗಾರ ಮಾಸ್ಟರಣ್ಣ ನಗುತ್ತಿದ್ದ. "ನಂಗೂ ಹಿಂಗೇ ಇತ್ತು ಕಣೋ. ಅಭ್ಯಾಸ ಆಗ್ತದೆ ಬಿಡು." ಹಾಗೆ ಹೇಳುವಾಗ ಅವನೂ ಕೆಮ್ಮುತ್ತಿದ್ದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೇಕರಿಯಲ್ಲಿ ಕೆಮ್ಮದ ಮಾಸ್ಟರನ್ನು ನಾನು ನೋಡಿರಲೇ ಇಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಕೆಮ್ಮು ಎದೆಗಿಳಿಯಿತು. ಅದು ಬರುತ್ತಿದ್ದದ್ದು ಕೆಲಸದ ಹೊತ್ತಲ್ಲಿ ಅಲ್ಲ, ಅದೇ ನಮ್ಮನ್ನೆಲ್ಲ ದಾರಿ ತಪ್ಪಿಸಿತು. ಬೆಳಗಿನ ಪಾಳಿ ಮುಗಿಸಿ, ಸ್ನಾನ ಮಾಡಿ, ಉಂಡು ಮಲಗಿದರೆ ಸಂಜೆ ಹೊತ್ತಿಗೆ ಎದೆ ಬಿಗಿಯುತ್ತಿತ್ತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೈಯೂರಿ ಕೂತರೆ ಸುಂಯ್ ಸುಂಯ್ ಸದ್ದು ಪಕ್ಕದವನಿಗೂ ಕೇಳುತ್ತಿತ್ತು. ಸನತ್‌ನಗರದ ಗಾಳಿ, ಫ್ಯಾಕ್ಟರಿ ಹೊಗೆ, ಬೋರ್ ನೀರು, ತಲೆಸ್ನಾನ, ಮೊಸರು ಎಲ್ಲದರ ಮೇಲೂ ಗೂಬೆ ಕೂರಿಸಿದ್ದಾಯಿತು. ಗಲ್ಲಿಯ ಆರೆಂಪಿ ಡಾಕ್ಟರು ಇಂಜೆಕ್ಷನ್ ಚುಚ್ಚಿದರೆ ಒಂದು ವಾರ ಹಗುರ, ಆಮೇಲೆ ಮತ್ತೆ ಅದೇ ಕಥೆ. ಅಮ್ಮ ಊರಿಂದ ಆಡುಸೋಗೆ ಸೊಪ್ಪು ಒಣಗಿಸಿ ಕಳಿಸಿದಳು. 2019ರ ಜೂನಿನಲ್ಲಿ, ಮೃಗಶಿರಾ ಕಾರ್ತಿಯ ದಿನ, ನಾಂಪಲ್ಲಿಯ ಎಗ್ಜಿಬಿಷನ್ ಮೈದಾನದಲ್ಲಿ ಉಬ್ಬಸಕ್ಕೆಂದು ಕೊಡುವ ಮೀನಿನ ಪ್ರಸಾದಕ್ಕೂ ಸಾಲು ನಿಂತೆ. ಬೆರಳುದ್ದದ ಜೀವಂತ ಮೀನಿನ ಬಾಯಿಗೆ ಹಳದಿ ಔಷಧ ತುರುಕಿ ನಮ್ಮ ಗಂಟಲಿಗೆ ಇಳಿಸುತ್ತಾರೆ. ಅದು ಒಳಗೆ ಒದ್ದಾಡುತ್ತಾ ಹೋದದ್ದು ಗೊತ್ತಾಗುತ್ತದೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಬಿಹಾರ, ಮಹಾರಾಷ್ಟ್ರದಿಂದೆಲ್ಲ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದವರ ನಡುವೆ ನಿಂತಾಗ, ಉಸಿರಿಗಾಗಿ ಇಷ್ಟು ಜನ ಒದ್ದಾಡುತ್ತಾರಾ ಅನ್ನಿಸಿತು. 45 ದಿನ ಪಥ್ಯ ಅಂದರು. ಪಥ್ಯ ಹಿಡಿದೆ, ರಾತ್ರಿ ಮಿಕ್ಸರಿಗೆ ಹಿಟ್ಟು ಸುರಿಯುವುದನ್ನೂ ಮುಂದುವರಿಸಿದೆ.

ಇಎಸ್‌ಐ ಆಸ್ಪತ್ರೆ ನಮ್ಮ ರೂಮಿನ ತಾರಸಿಯಿಂದ ಕಾಣುತ್ತಿತ್ತು. ಪಕ್ಕದಲ್ಲೇ ಅದರ ಹೆಸರಿನ ಮೆಟ್ರೊ ಸ್ಟೇಷನ್ ಕೂಡ 2017ರಲ್ಲಿ ಶುರುವಾಯಿತು. ಆದರೆ ಕಾರ್ಮಿಕರ ವಿಮೆಯ ಕಾರ್ಡಿಲ್ಲದವನಿಗೆ ಆ ಆಸ್ಪತ್ರೆ ಬರೀ ಕಟ್ಟಡ. ಹತ್ತು ಜನ ಕೆಲಸಕ್ಕಿದ್ದರೆ ಇಎಸ್‌ಐ ಕಟ್ಟಬೇಕು. ನಮ್ಮ ಓನರು ಪುಸ್ತಕದಲ್ಲಿ ಹತ್ತು ಆಗಲು ಯಾವತ್ತೂ ಬಿಡಲಿಲ್ಲ. ಕೇಳಿದರೆ, "ಊರ ಹುಡುಗ ಅಂತ ಕೆಲಸ ಕೊಟ್ರೆ ಕಾನೂನು ಮಾತಾಡ್ತೀಯಾ?" ಅಂದ. ಅವನು ದೂರದ ಸಂಬಂಧದಲ್ಲಿ ನನಗೆ ಮಾವನಾಗಬೇಕು. ಮಾವನ ಹತ್ತಿರ ಸಂಬಳದ ಚೀಟಿ ಕೇಳುವುದು ಹೇಗೆ ಹೇಳಿ.

2020ರ ಮಾರ್ಚ್ 25, ಯುಗಾದಿ. ಅವತ್ತೇ ಕೊರೊನಾದಿಂದ ದೇಶಕ್ಕೆಲ್ಲ ಬೀಗ ಬಿತ್ತು. ತೆಲಂಗಾಣದಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. ಓನರು ಊರಿನಲ್ಲಿ ಸಿಕ್ಕಿಕೊಂಡ. ಬೇಕರಿ ಶಟರಿನ ಬೀಗದ ಕೈ ನನ್ನ ಹತ್ತಿರ ಉಳಿಯಿತು. ಮೇಲಿನ ಮನೆಯ ತೆಲುಗಮ್ಮ ಯುಗಾದಿ ಪಚ್ಚಡಿಯನ್ನು ಮೆಟ್ಟಿಲ ಮೇಲಿಟ್ಟು ದೂರ ನಿಂತು ಕರೆದಳು. ನಾನು ರೂಮಿನ ಸ್ಟೌ ಮೇಲೆ ಕಡಲೆಬೇಳೆ ಒಬ್ಬಟ್ಟು ತಟ್ಟಿ ಅದೇ ಮೆಟ್ಟಿಲ ಮೇಲಿಟ್ಟೆ. ಹಿಂದಿನ ರೂಮುಗಳಲ್ಲಿ ಒಡಿಶಾದ ವೆಲ್ಡಿಂಗ್ ಹುಡುಗರಿದ್ದರು, ಅವರಿಗೂ ಕೊಟ್ಟೆ. ಅವರಿಗೆ ಒಬ್ಬಟ್ಟು ಹೊಸದು, ಒಳಗೆ ಸಿಹಿ ಹೇಗೆ ಹೋಯಿತು ಎಂದು ಒಬ್ಬ ಬಿಡಿಸಿ ನೋಡಿದ.

ಆಮೇಲಿನ ವಾರಗಳಲ್ಲಿ ಗಲ್ಲಿಗೆ ತಿಂಡಿ ಮಾಡುವುದೇ ನನ್ನ ಉದ್ಯೋಗವಾಯಿತು. ಸರ್ಕಾರ ವಲಸಿಗರಿಗೆ ತಲೆಗೆ 12 ಕೆ.ಜಿ. ಅಕ್ಕಿ, 500 ರೂಪಾಯಿ ಕೊಟ್ಟಿತ್ತು. ಆ ಅಕ್ಕಿ ನೆನೆಸಿ ರುಬ್ಬಿ ದೋಸೆ, ಕಾಯಿಕಡುಬು. ಬೆಲ್ಲ ಸಿಕ್ಕ ದಿನ ಕಡಲೆಕಾಯಿ ಚಿಕ್ಕಿ. ರಂಜಾನ್ ಶುರುವಾದ ಮೇಲೆ ಎದುರುಮನೆಯ ಅಜ್ಜಿಗೆ ಇಫ್ತಾರಿಗೆ ರವೆ ಉಂಡೆ ಕಟ್ಟಿಕೊಟ್ಟೆ. ಅವರು ಅದೇ ಡಬ್ಬಿಗೆ ಖರ್ಜೂರ ತುಂಬಿ ವಾಪಸ್ ಕಳಿಸಿದರು. ಸಂಬಳವಿಲ್ಲ, ಊರಿಗೆ ಹೋಗಲು ಬಸ್ಸಿಲ್ಲ, ಹೊರಗೆ ಕಾಲಿಟ್ಟರೆ ಪೊಲೀಸರ ಲಾಠಿ. ಅಂಥ ಹೊತ್ತಿನಲ್ಲಿ ನನಗೆ ಕೆಮ್ಮು ನಿಂತಿತ್ತು! ರಾತ್ರಿ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದೆ. ಫ್ಯಾಕ್ಟರಿಗಳು ನಿಂತು ಗಾಳಿ ಶುದ್ಧವಾಗಿದೆ, ಅದಕ್ಕೇ ಅಂದುಕೊಂಡೆವು.

ಮೇ 1ರಂದು ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಗೆ ಮೊದಲ ಶ್ರಮಿಕ ರೈಲು ಹೊರಟಿತು. ಸುದ್ದಿ ಕೇಳಿದ್ದೇ ಗಲ್ಲಿಯಲ್ಲಿ ಎಲ್ಲರೂ ಗಂಟು ಕಟ್ಟತೊಡಗಿದರು. ಒಡಿಶಾದ ಹುಡುಗರಿಗೂ ಕೆಲವು ದಿನ ಬಿಟ್ಟು ಕರೆ ಬಂತು. ದಾರಿಯಲ್ಲಿ ಕೆಡದ ತಿಂಡಿ ಬೇಕಿತ್ತು. ಓನರಿಗೆ ಫೋನ್ ಮಾಡಿ ಕೇಳಿದೆ. "ಮೈದಾ ಹುಳ ಬೀಳೋದಕ್ಕಿಂತ ಜನ ತಿನ್ನಲಿ, ತಗೋ," ಅಂದ. ಈ ಮಾತಿಗೆ ಅವನಿಗೆ ಒಂದು ನಮಸ್ಕಾರ ಹಾಕಲೇಬೇಕು. ಬೇಕರಿಯ ಶಟರ್ ಅರ್ಧ ಎತ್ತಿ ಒಳಗೆ ಹೋಗಿ ಮೂಟೆ ಬಿಚ್ಚಿದೆ. ಓಂಕಾಳು, ಮೆಣಸು, ಉಪ್ಪು, ಕಾಸಿದ ಡಾಲ್ಡಾ ಹಾಕಿ ಗಟ್ಟಿಯಾಗಿ ಕಲಸಿ ಲಟ್ಟಿಸಿ ಕತ್ತರಿಸಿ ಖಾರದ ಶಂಕರಪೋಳಿ ಕರಿದೆ. ಅರ್ಧಕ್ಕೆ ಸಕ್ಕರೆ ಪಾಕ. ಇಡೀ ಮಧ್ಯಾಹ್ನ ಹಿಡಿಯಿತು. ಸೀನು ಮಾತ್ರ ಬಿಡಲಿಲ್ಲ. ಪೇಪರಿನಲ್ಲಿ ಕಟ್ಟಿದ ಪೊಟ್ಟಣ ಹಿಡಿದು ಹುಡುಗರು ಸಂಜೆ ಹೊರಟರು.

ರಾತ್ರಿ ಹನ್ನೊಂದರ ಹೊತ್ತಿಗೆ ಹಿಡಿಯಿತು ನೋಡಿ. ಎದೆಯ ಮೇಲೆ ಮೈದಾ ಮೂಟೆ ಇಟ್ಟು ಯಾರೋ ಅದರ ಮೇಲೆ ಕೂತ ಹಾಗೆ. ಮಾತು ಒಂದೊಂದೇ ಪದವಾಗಿ ತುಂಡಾಗುತ್ತಿತ್ತು. ಉಗುರು ನೀಲಿ ತಿರುಗಿತ್ತೆಂದು ರೂಮಿನ ಗೆಳೆಯ ಆಮೇಲೆ ಹೇಳಿದ. ಆ ಮೇ ತಿಂಗಳಲ್ಲಿ ಉಸಿರು ಕಟ್ಟುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಲ್ಲಿಯ ಕಿಟಕಿಗಳು ಮುಚ್ಚಿಕೊಂಡವು. ಮೇಲಿನ ಅಮ್ಮ ಮಾತ್ರ ತಾರಸಿಯಿಂದ, "ಏಮೈಂದಿ ಬಾಬು?" ಎಂದು ಕೂಗುತ್ತಲೇ ಇದ್ದಳು, ಇಳಿದು ಬರಲಿಲ್ಲ. ಅವಳನ್ನು ಬೈಯಲಾರೆ, ಮನೆಯಲ್ಲಿ ಹಾಸಿಗೆ ಹಿಡಿದ ಗಂಡನಿದ್ದ. ಗೆಳೆಯ ಸ್ಕೂಟರಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿಕೊಂಡು ಹೊರಟ. ಹಿಂದೆ ಕೂತರೆ ಬಿದ್ದುಬಿಡುತ್ತೇನೆಂಬ ಭಯ ಅವನಿಗೆ. ಎರಡು ಕಡೆ ಪೊಲೀಸರು ತಡೆದರು, ಮುಖ ನೋಡಿ ಬಿಟ್ಟರು. ಒಂದು ಖಾಸಗಿ ಆಸ್ಪತ್ರೆಯ ಗೇಟಿನಲ್ಲಿ, ಕೊರೊನಾ ರಿಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದರು. ಗೇಟಿನ ಸರಳು ಹಿಡಿದು ನಿಂತಿದ್ದೆ, ಬೈಯಲೂ ಉಸಿರಿರಲಿಲ್ಲ. ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಇಂಜೆಕ್ಷನ್ ಕೊಟ್ಟರು, ಕೊರೊನಾ ಶಂಕಿತರ ಪಕ್ಕದಲ್ಲೇ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಉಸಿರು ಮರಳಿತ್ತು. ರಿಪೋರ್ಟ್ ನೆಗೆಟಿವ್ ಬರುವವರೆಗೆ ಬಿಡಲಿಲ್ಲ.

ಮುಂದೆ ತೋರಿಸಲು ಎರ‍್ರಗಡ್ಡದ ಛಾತಿ ಆಸ್ಪತ್ರೆಗೆ ಹೋಗು ಅಂದರು. ಹೈದರಾಬಾದಿನಲ್ಲಿ ಎರ‍್ರಗಡ್ಡಕ್ಕೆ ಹೋಗು ಎಂದರೆ ತಲೆ ಕೆಟ್ಟಿದೆ ಎಂದರ್ಥ, ಹುಚ್ಚಾಸ್ಪತ್ರೆ ಅಲ್ಲೇ ಇರುವುದು. ಎದೆಯ ಆಸ್ಪತ್ರೆಯೂ ಅಲ್ಲೇ. ಜನಜಂಗುಳಿ ಇಳಿದ ಮೇಲೆ ಹೋದೆ. ಟಿಬಿ ಇರಬಹುದೆಂದು ನಡುಗುತ್ತಾ ಕೂತಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟು, "ಏನು ಕೆಲಸ ಮಾಡ್ತೀರಿ?" ಅಂದರು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು. ಬೇಕರಿ ಅಂದೆ. ರಜೆಯಲ್ಲಿ ಹೇಗಿರುತ್ತದೆ ಅಂದರು. ಲಾಕ್‌ಡೌನ್ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಇದಕ್ಕೆ ಬೇಕರ್ಸ್ ಅಸ್ತಮಾ ಎಂದೇ ಹೆಸರಂತೆ. ಇಟಲಿಯ ರಾಮಜಿನಿ ಎಂಬ ವೈದ್ಯ 1700ರಲ್ಲೇ ಕಸುಬುದಾರರ ಕಾಯಿಲೆಗಳ ಪುಸ್ತಕದಲ್ಲಿ ರೊಟ್ಟಿ ಸುಡುವವರ, ಗಿರಣಿಯವರ ಉಸಿರುಬ್ಬಸದ ಬಗ್ಗೆ ಬರೆದಿದ್ದನಂತೆ. ಗೋಧಿ ಹಿಟ್ಟಿನ ಪ್ರೋಟೀನು ವರ್ಷಗಟ್ಟಲೆ ಮೂಗಿಗೆ ಹೋಗಿ ಹೋಗಿ ಮೈ ಅದನ್ನು ಶತ್ರುವೆಂದು ಬಗೆಯುತ್ತದೆ. ಇಂಪ್ರೂವರ್ ಪುಡಿಯಲ್ಲಿರುವ ಶಿಲೀಂಧ್ರದ ಕಿಣ್ವ, ಅಮೈಲೇಸ್ ಅಂತಾರೆ, ಅದೂ ಅಷ್ಟೇ ಕೇಡು. ಮೊದಲು ಮೂಗು, ಆಮೇಲೆ ಎದೆ. ಧೂಳು ಕುಡಿದ ಎಷ್ಟೋ ಗಂಟೆಯ ನಂತರವೂ ಉಬ್ಬಸ ಬರಬಹುದು, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ತಿಂದರೆ ತೊಂದರೆಯಿಲ್ಲ, ಉಸಿರಿನಲ್ಲಿ ಹೋದರೆ ಮಾತ್ರ. ಬನ್ನು ತಿನ್ನಬಹುದು, ಬನ್ನಿನ ಹಿಟ್ಟು ಕಲಸಬಾರದು!

ಬೇಕರಿ ಮತ್ತೆ ತೆರೆದಾಗ ಡಾಕ್ಟರಮ್ಮ ಉಸಿರಿನ ರಭಸ ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು, ದಿನಕ್ಕೆ ನಾಲ್ಕು ಸಲ ಊದಿ ಮುಳ್ಳು ನಿಂತ ಜಾಗ ಬರೆದುಕೊಂಡು ಬಾ ಅಂದರು. ಕೆಲಸವಿಲ್ಲದ ದಿನ 450ರ ಆಸುಪಾಸು. ಮಿಕ್ಸರಿನ ಮುಂದೆ ನಿಂತ ದಿನ ಸಂಜೆಗೆ 290. ಬಿಲ್ಲಿನ ಪುಸ್ತಕದ ಹಿಂಬದಿಯಲ್ಲಿ ಬರೆದ ಆ ಅಂಕಿಗಳನ್ನು ಓನರಿಗೆ ತೋರಿಸಿದೆ. ತುಂಬ ಹೊತ್ತು ನೋಡಿದ. "ಇದು ನಿಂದಾ, ಮೆಷಿನ್‌ದಾ?" ಅಂದ.

ಮಿಕ್ಸರ್ ಬಿಟ್ಟು ಕೌಂಟರಿಗೆ ಬಂದೆ. ಸಂಬಳ ನಾಲ್ಕು ಸಾವಿರ ಇಳಿಯಿತು. ಕಂದು ಬಣ್ಣದ ಇನ್ಹೇಲರ್ ಪಂಪು ದಿನಾ ಎಳೆಯಬೇಕು, ಎಳೆದು ಬಾಯಿ ಮುಕ್ಕಳಿಸಬೇಕು. ನೀಲಿಯದು ಜೇಬಿನಲ್ಲಿ. ಪಂಪಿಗೆ ಬಿದ್ದರೆ ಬಿಡಲಾಗುವುದಿಲ್ಲವೆಂದು ಊರಲ್ಲಿ ಇನ್ನೂ ಹೇಳುತ್ತಾರೆ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಆ ಮಾತಿಗೇ ಸಂಬಂಧ ಮುರಿಯಿತು. ಕಾಯಿಲೆ ಪೂರ್ತಿ ಹೋಗಿಲ್ಲ. ಬೇಗ ಬಿಟ್ಟಿದ್ದರೆ ಹೋಗುತ್ತಿತ್ತೇನೋ ಎಂದು ಡಾಕ್ಟರಮ್ಮ ಹೇಳಿದರು. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ ಅಸ್ತಮಾವೂ ಇತ್ತು. ಅದನ್ನು ಹಿಡಿದು ಕೇಳಬೇಕೆಂದರೆ ನಾನು ಅಲ್ಲಿ ಕೆಲಸ ಮಾಡಿದೆ ಎಂಬ ಕಾಗದ ಬೇಕಿತ್ತು. ಕಾಗದ ಇರಲಿಲ್ಲ.

ಹಬ್ಬಕ್ಕೆ ಗಲ್ಲಿಗೆ ತಿಂಡಿ ಹಂಚುವುದನ್ನು ಬಿಟ್ಟಿಲ್ಲ. ಈಗ ಕೊಬ್ಬರಿ ಮಿಠಾಯಿ, ಎಳ್ಳುಂಡೆ, ಚಿಕ್ಕಿ. ಮೈದಾ ಮುಟ್ಟುವುದಿಲ್ಲ. ಮೇಲಿನ ಅಮ್ಮ ಮಾತ್ರ ಯುಗಾದಿ ಬಂತೆಂದರೆ ಒಬ್ಬಟ್ಟಿಗೆ ಕಣಕ ತಾನೇ ಕಲಸಿ ಪಾತ್ರೆ ಕೆಳಗೆ ಕಳಿಸುತ್ತಾಳೆ, ಹೂರಣ ಮಾಡಿ ತಟ್ಟುವುದು ನನ್ನ ಕೆಲಸ.

ಹೋದ ತಿಂಗಳು ಮಿಕ್ಸರಿಗೆ ಅರಕಲಗೂಡು ಕಡೆಯ ಹೊಸ ಹುಡುಗ ಬಂದಿದ್ದಾನೆ. ಮೊದಲು ನೀರು ಹಾಕು, ಆಮೇಲೆ ಹಿಟ್ಟು. ಮೂಟೆಯ ಬಾಯಿ ಪಾತ್ರೆಗೆ ತಾಗಿಸಿ ಮೆಲ್ಲಗೆ ಇಳಿಸು. ಮುಚ್ಚಳ ಹಾಕದೆ ಸ್ವಿಚ್ ಒತ್ತಬೇಡ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಮೇಜಿಗೆ ಹಿಟ್ಟು ಎರಚುವ ಬದಲು ಎಣ್ಣೆ ಸವರು. ಎಲ್ಲ ಹೇಳಿಕೊಟ್ಟಿದ್ದೇನೆ. ಇದರಿಂದ ರಾತ್ರಿ ಕೆಲಸ ಅರ್ಧ ಗಂಟೆ ತಡವಾಗುತ್ತದೆ ಎಂದು ಮಾಸ್ಟರಣ್ಣನಿಗೆ ಸಿಟ್ಟು. ಮೊನ್ನೆ ಕೌಂಟರಿನಲ್ಲಿ ನಿಂತಿದ್ದಾಗ ಒಳಗಿಂದ ಸಾಲಾಗಿ ಸೀನು ಕೇಳಿಸಿತು. ಹುಡುಗನನ್ನು ಕರೆದು ಸೋಮವಾರ ಎರ‍್ರಗಡ್ಡಕ್ಕೆ ಹೋಗೋಣ ಅಂದೆ. ಅವನಿಗೆ ನಗು ಬಂತು. ನನಗೇನು ತಲೆ ಕೆಟ್ಟಿದೆಯಾ ಅಣ್ಣಾ ಅಂದ. ಇಷ್ಟು ಬೇಗ ಈ ಊರಿನ ಮಾತು ಕಲಿತಿದ್ದಾನೆ. ಓನರು ಸೋಮವಾರ ರಜೆ ಕೊಡುವುದಿಲ್ಲ ಅಂದಿದ್ದಾನೆ, ಮಂಗಳವಾರ ಕೇಳುತ್ತೇನೆ.