ರಾಕ್ಷಸನಿಗೆ ಕಣ್ಣಿಡುವ ಹೊತ್ತು

ಆಯುಧಪೂಜೆಗೆ ಇನ್ನೊಂದೇ ದಿನ. ಚಾಮರಾಜಪೇಟೆ ದಾಟಿ ಕಲಾಸಿಪಾಳ್ಯದ ಗಲ್ಲಿಗೆ ತಿರುಗುತ್ತಿದ್ದಂತೆ ಮಾರ್ಕೆಟ್ಟಿನ ಚೆಂಡುಹೂವಿನ ವಾಸನೆ ಸೋತು, ಎನಾಮಲ್ ಪೇಂಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಲಾರಿಯ ಹಿಂದೆ ಖಾಲಿ ಡಬ್ಬ ಕವುಚಿ ಕೂತ ಪೇಂಟರ್ ತಲೆ ಎತ್ತುವುದಿಲ್ಲ. ಪಕ್ಕಕ್ಕೆ ನಿಲ್ಲಿ, ಬೆಳಕಿಗೆ ಅಡ್ಡ ಬಂದರೆ ಬೈಸಿಕೊಳ್ಳುತ್ತೀರಿ.

ಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ಕ್ಲೀನರ್ ಹುಡುಗನ ಕೈಗೆ. ನಡುವೆ ಎಳೆದು ಬಿಟ್ಟರೆ, ಟಪ್! ಹಲಗೆಯ ಮೇಲೆ ನೇರ ಬಿಳಿ ಗೆರೆ. ಗೆರೆಯ ಎಡಕ್ಕೆ ಕರುವಿಗೆ ಹಾಲೂಡುವ ಹಸು, ಬಲಕ್ಕೆ ಕಮಲ, ನಡುವೆ ಗಂಡಭೇರುಂಡ. ಮೈಸೂರು ಅರಸರ ಲಾಂಛನವಾಗಿದ್ದು ಇಂದು ರಾಜ್ಯದ ಮುದ್ರೆಯಲ್ಲೂ ಇರುವ ಹಕ್ಕಿ. ಏಕಕಾಲಕ್ಕೆ ಎರಡೂ ಕಡೆ ನೋಡುತ್ತದೆ. ಮಾರ್ಕೆಟ್ ಸರ್ಕಲ್ಲಿನಲ್ಲಿ ಲಾರಿ ತಿರುಗಿಸುವವನಿಗೆ ಇದಕ್ಕಿಂತ ತಕ್ಕ ಲಾಂಛನ ಯಾವುದಿದೆ?

ಪಕ್ಕದ ಅಂಗಡಿಯಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸುತ್ತಿದ್ದಾರೆ. ಟೀ ಕುಡಿಯುವಷ್ಟರಲ್ಲಿ ಹುಲಿ ಸಿದ್ಧ. ಘರ್ಜಿಸುವುದಿಲ್ಲ, ಅಷ್ಟೆ.

ಬಣ್ಣ ಒಣಗುವ ಪುರುಸೊತ್ತಿನಲ್ಲಿ ನನಗೆ ಫಿಲಡೆಲ್ಫಿಯಾ ನೆನಪಾಗುತ್ತದೆ. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಬೆಂಕಿ ಆರಿಸುತ್ತಿದ್ದವು ಸ್ವಯಂಸೇವಕರ ಸಂಘಗಳು. ತಮ್ಮ ಪಂಪುಗಾಡಿಯ ಮೇಲೆ ಪುರಾಣದ ದೇವತೆಗಳನ್ನು, ಹೆಣ್ಣುರೂಪ ತಳೆದ ಸ್ವಾತಂತ್ರ್ಯವನ್ನು ಬರೆಸಲು ಅವುಗಳಲ್ಲಿ ಪೈಪೋಟಿ. ಬೋರ್ಡು ಬರೆಯುತ್ತಿದ್ದ ಜಾನ್ ಆರ್ಚಿಬಾಲ್ಡ್ ವುಡ್‌ಸೈಡ್ (1781–1852) ಈ ಕೆಲಸಕ್ಕೆ ಹೆಸರಾದವನು. ಆದರೆ ಚೆಂದದ ಹಲಗೆಗಳು ಬಹುಮಟ್ಟಿಗೆ ಮೆರವಣಿಗೆಗೆ. ಬೆಂಕಿಯ ಕಡೆ ಓಡುವಾಗ ಕಳಚಿಡುತ್ತಿದ್ದರು. ಇಲ್ಲಿಯ ಹಸುವಿಗೆ ಆ ಭಾಗ್ಯವಿಲ್ಲ. ಪೂಜೆ ಮುಗಿದರೆ ಈರುಳ್ಳಿ ಮೂಟೆಗಳ ಹಿಂದೆ ನಿಂತು ಹೆದ್ದಾರಿಯ ಧೂಳು ಕುಡಿಯಬೇಕು.

"ಅಣ್ಣಾ, ಕಣ್ಣು?" ಹುಡುಗನಿಗೆ ಅವಸರ.

"ತಡಿಯೋ. ಅದು ಕೊನೇಲಿ."

ದೃಷ್ಟಿಗೆಂದು ಬರೆದ ರಾಕ್ಷಸನಿಗೆ ಮೀಸೆ, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ ಎಲ್ಲ ಬಂದಿವೆ. ಪೇಂಟರ್ ಎಡಗೈಯ ಕೋಲಿಗೆ ಮಣಿಕಟ್ಟು ಆನಿಸಿ, ಉಸಿರು ಬಿಗಿಹಿಡಿದು ಎರಡು ಕಪ್ಪು ಚುಕ್ಕೆ ಇಡುತ್ತಾನೆ. ಅಷ್ಟೊತ್ತೂ ಬರೀ ತಗಡಾಗಿದ್ದದ್ದು ಈಗ ನಿಮ್ಮನ್ನೇ ನೋಡುತ್ತಿದೆ. ನಿಮಗೇ ತಿಳಿಯದೆ ಒಂದು ಹೆಜ್ಜೆ ಹಿಂದೆ ಸರಿದಿದ್ದೀರಿ.

ಹುಡುಗ ಆಗಲೇ ಬಗ್ಗಿ ಬಂಪರಿಗೆ ಹಳೇ ಚಪ್ಪಲಿ ಕಟ್ಟುತ್ತಿದ್ದಾನೆ.

"ನನ್ನ ರಾಕ್ಷಸನ ಮೇಲೆ ನಂಬಿಕೆ ಇಲ್ವೇನೋ?"

"ಇರ್ಲಿ ಬಿಡಣ್ಣಾ. ಅವನಿಗೂ ದೃಷ್ಟಿ ಆಗ್ಬಾರ್ದಲ್ಲ!"