ಮನೆಯವರಿಲ್ಲದ ಹೊತ್ತಿನಲ್ಲಿ

ಗೃಹಪ್ರವೇಶಕ್ಕೆ ಬರುವ ನೆಂಟರಲ್ಲಿ ಎರಡು ಬಗೆ. ಪಾಯಸವನ್ನು ಹೊಗಳಿ, ತಾಂಬೂಲ ಹಿಡಿದು, ಸುಖವಾಗಿ ಹಿಂದಿರುಗುವವರು ಒಂದು ಬಗೆ. ಎಲೆಯ ಮುಂದೆ ಕೂಡುವುದಕ್ಕೆ ಮುಂಚೆಯೇ ಕೋಣೆ ಕೋಣೆಯನ್ನೂ ಸುತ್ತಿ, ಕಿಟಕಿಯ ಚಿಲಕ ಎಳೆದು ನೋಡಿ, ಬಚ್ಚಲಿನ ನೆಲಕ್ಕೆ ಇಳಿಜಾರು ಸಾಲದೆಂದು ಕಂಡುಹಿಡಿದು, ಆ ಅಭಿಪ್ರಾಯವನ್ನು ಮನೆಯ ಯಜಮಾನನಿಗೆ ಹೇಳದೆ ಬಸ್ಸಿನಲ್ಲಿ ಹೆಂಡತಿಯ ಕಿವಿಯಲ್ಲಿ ಹೇಳುವವರು ಇನ್ನೊಂದು ಬಗೆ. ಈ ಎರಡನೆಯ ಬಗೆಯ ನೆಂಟನಿಗೆ ಅಂಕ ಕೊಡುವ ಅಧಿಕಾರವನ್ನು ವಹಿಸಿ, ಬೆನ್ನ ಹಿಂದೆ ಒಂದು ಕ್ಯಾಮರಾವನ್ನೂ ಕಳುಹಿಸಿದರೆ ಏನಾದೀತು ಎಂಬುದನ್ನು ತಿಳಿಯಬಯಸುವವರು ಸ್ಕಾಟ್ಲೆಂಡಿನ ಟೆಲಿವಿಷನ್ನನ್ನು ನೋಡಬೇಕು.

ಬಿ.ಬಿ.ಸಿ. ಸಂಸ್ಥೆಯು ಸ್ಕಾಟ್ಲೆಂಡಿಗೆಂದೇ ಪ್ರತ್ಯೇಕ ವಾಹಿನಿಯೊಂದನ್ನು ತೆರೆದದ್ದು 2019ರಲ್ಲಿ. ಆ ವರ್ಷವೇ ‘ಸ್ಕಾಟ್ಲೆಂಡ್ಸ್ ಹೋಮ್ ಆಫ್ ದಿ ಇಯರ್’ ಎಂಬ ಸ್ಪರ್ಧೆ ಮೊದಲಾಯಿತು. ನೆರೆಯ ಐರ್ಲೆಂಡಿನವರು ಇಂಥದೇ ಆಟವನ್ನು 2015ರಿಂದ ಆಡುತ್ತಿದ್ದರು. ಸೀಮೆಗೊಂದು ಕಂತು, ಕಂತಿಗೆ ಮೂರು ಮನೆ, ಮೂವರು ತೀರ್ಪುಗಾರರು. ಒಬ್ಬೊಬ್ಬರ ಕೈಯಲ್ಲಿ 10 ಅಂಕದಂತೆ ಒಟ್ಟು 30. ಸೀಮೆಯಲ್ಲಿ ಗೆದ್ದ ಮನೆಗಳು ಕೊನೆಯ ಸುತ್ತಿಗೆ. ಮೊದಲ ವರ್ಷದ ತೀರ್ಪುಗಾರರಲ್ಲಿ ಆನಾ ಕ್ಯಾಂಪ್‌ಬೆಲ್-ಜೋನ್ಸ್ ಒಳಾಂಗಣ ವಿನ್ಯಾಸಕಿ, ಮೈಕೇಲ್ ಆಂಗಸ್ ವಾಸ್ತುಶಿಲ್ಪಿ, ಕೇಟ್ ಸ್ಪಿಯರ್ಸ್ ಜೀವನಶೈಲಿಯನ್ನು ಕುರಿತು ಬರೆಯುವವರು. ಮುಂದೆ ಬ್ಯಾಂಜೊ ಬೀಲ್, ಡ್ಯಾನಿ ಕ್ಯಾಂಪ್‌ಬೆಲ್ ಎಂಬವರು ಬಂದು ಸೇರಿದರು. ಹಳ್ಳಿಗಾಡಿನ ಹಳೆಯ ರೈತನ ಗುಡಿಸಲನ್ನು ವಿಸ್ತರಿಸಿ ಕಟ್ಟಿದ ಮನೆ, ಗಾಜಿನ ಗೋಡೆಗಳ ಹೊಸ ಬಂಗಲೆ, ಗ್ಲಾಸ್ಗೋ ನಗರದ ಕೆಂಗಲ್ಲಿನ ವಠಾರದಲ್ಲಿರುವ ನಾಲ್ಕು ಕೋಣೆಗಳ ಫ್ಲಾಟು, ಎಲ್ಲಕ್ಕೂ ಅಲ್ಲಿ ಒಂದೇ ತಕ್ಕಡಿ. ಈ ಔದಾರ್ಯವನ್ನು ಮೆಚ್ಚಬೇಕು.

ಆದರೆ ಈ ಸ್ಪರ್ಧೆಯ ಸ್ವಾರಸ್ಯವೆಲ್ಲ ಅಂಕಗಳಲ್ಲಿಲ್ಲ; ತೀರ್ಪುಗಾರರು ಒಳಗೆ ಕಾಲಿಡುವ ಹೊತ್ತಿನಲ್ಲಿ ಮನೆಯವರು ಮನೆಯಲ್ಲಿರುವುದಿಲ್ಲ ಎಂಬುದರಲ್ಲಿದೆ. ಬಾಗಿಲು ತೆರೆದಿದೆ, ‘ಬನ್ನಿ’ ಎನ್ನುವವರಿಲ್ಲ. ಮೂವರೂ ಹಜಾರದಲ್ಲಿ ನಿಂತು ಸುತ್ತ ನೋಡುತ್ತಾರೆ. ಗೋಡೆಯ ಚಿತ್ರ, ಕಪಾಟಿನ ಪುಸ್ತಕ, ಮೇಜಿನ ಮೇಲಿನ ಹೂದಾನಿ, ಒಂದೊಂದೂ ಸಾಕ್ಷಿಯ ಕಟ್ಟೆ ಹತ್ತುತ್ತದೆ. ಇಲ್ಲಿರುವವರು ಯಾವ ವಯಸ್ಸಿನವರು, ಮಕ್ಕಳೊಂದಿಗರೇ, ಊರೂರು ಅಲೆದವರೇ, ಇದೆಲ್ಲವನ್ನೂ ಪತ್ತೇದಾರಿ ಕಾದಂಬರಿಯ ನಾಯಕರಂತೆ ಊಹಿಸುತ್ತಾರೆ. ನೋಡುವವನಿಗೆ ಇದಕ್ಕಿಂತ ರುಚಿಯಾದ ವಿನೋದ ಬೇರಿಲ್ಲ. ಯಜಮಾನಿಯೆದುರು ಅವಳ ಪರದೆಯ ಬಣ್ಣವನ್ನು ಹಳಿಯುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಅವಳಿಲ್ಲದಾಗ ನಾಲಗೆ ಸಡಿಲವಾಗುತ್ತದೆ. ಅವಳು ಅದನ್ನೆಲ್ಲ ಕೆಲವು ತಿಂಗಳ ಮೇಲೆ ತನ್ನದೇ ಸೋಫಾದಲ್ಲಿ ಕುಳಿತು, ನೆರೆಹೊರೆಯವರೊಡನೆ ಕೇಳಬೇಕು.

ಊಹೆಗೆ ಸಾಕ್ಷಿಯಾಗುವ ವಸ್ತುಗಳಾದರೂ ಎಂಥವು? ಕ್ಯಾಮರಾ ಬರುತ್ತದೆಂದು ತಿಳಿದ ಯಾವ ಸಂಸಾರ ತಾನೆ ಮನೆಯನ್ನು ಇದ್ದಂತೆ ಬಿಟ್ಟೀತು? ಬಾಗಿಲ ಹಿಂದಿನ ಗೂಟದಲ್ಲಿ ತೂಗುವ ಒದ್ದೆ ಕೋಟು, ಕಾಲು ಮುರಿದರೂ ಎಸೆಯಲಾಗದ ಕುರ್ಚಿ, ಅಜ್ಜಿಯ ಔಷಧದ ಸೀಸೆಗಳು, ಕಟ್ಟಬೇಕಾದ ಬಿಲ್ಲುಗಳ ಕಂತೆ, ಇವೆಲ್ಲ ಆ ದಿನದ ಮಟ್ಟಿಗೆ ಮಂಚದ ಕೆಳಗೋ ಅಟ್ಟದ ಮೇಲೋ ಸೇರಿರಬೇಕು. ಉಳಿದುಕೊಂಡವು, ಮನೆಯವರು ತಮ್ಮನ್ನು ಹೇಗೆ ಕಾಣಿಸಿಕೊಳ್ಳಬಯಸಿದರೋ ಅದಕ್ಕೆ ಒಪ್ಪುವ ವಸ್ತುಗಳು. ತೀರ್ಪುಗಾರರು ಓದುತ್ತಿರುವುದು ದಿನಚರಿಯನ್ನಲ್ಲ, ಅಚ್ಚಿಗೆ ಹೋಗಲೆಂದು ತಿದ್ದಿ ಬರೆದ ಪ್ರತಿಯನ್ನು.

ಕೊನೆಯ ಸುತ್ತಿಗೆ ಇವರು ಆರಿಸಿಕೊಂಡ ಸ್ಥಳದ ಕಥೆಯಂತೂ ಯಾವ ಕಾದಂಬರಿಕಾರನೂ ಕಟ್ಟಲಾರದಂಥದು. ಗ್ಲಾಸ್ಗೋದ ಬೆಲ್ಲಹೂಸ್ಟನ್ ಉದ್ಯಾನದಲ್ಲಿ ‘ಹೌಸ್ ಫಾರ್ ಆನ್ ಆರ್ಟ್ ಲವರ್’, ಕಲಾಪ್ರೇಮಿಯ ಮನೆ, ಎಂಬ ಬಿಳಿಯ ಕಟ್ಟಡವಿದೆ. ಗೆದ್ದ ಮನೆಗಳ ಒಡೆಯರು ಅಲ್ಲಿ ನೆರೆಯುತ್ತಾರೆ. ಆ ಕಟ್ಟಡ ಹುಟ್ಟಿದ್ದೂ ಒಂದು ಸ್ಪರ್ಧೆಯಿಂದಲೇ. ಹುಟ್ಟಿದ್ದೆನ್ನುವುದಕ್ಕಿಂತ, ಸೋತದ್ದೂ ಒಂದು ಸ್ಪರ್ಧೆಯಲ್ಲೇ ಎನ್ನುವುದು ಸರಿ.

ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಅಲೆಕ್ಸಾಂಡರ್ ಕೋಖ್ ಎಂಬ ಪ್ರಕಾಶಕನಿದ್ದ. ಗೃಹಾಲಂಕಾರವನ್ನು ಕುರಿತ ಅವನ ಪತ್ರಿಕೆಯು ಕಲಾರಸಿಕನೊಬ್ಬನ ವಾಸಕ್ಕೆ ತಕ್ಕ ಮನೆಯ ನಕ್ಷೆಗಳನ್ನು ಕೋರಿ 1900ರ ಕೊನೆಯಲ್ಲಿ ಸ್ಪರ್ಧೆಯನ್ನು ಸಾರಿತು. ಗ್ಲಾಸ್ಗೋದ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಆಗ ಮೂವತ್ತರ ಆಸುಪಾಸಿನವನು. ಕಲಾವಿದೆ ಮಾರ್ಗರೆಟ್ ಮ್ಯಾಕ್‌ಡೊನಾಲ್ಡಳ ಕೈಹಿಡಿದ ಹೊಸತು. ದಂಪತಿಗಳಿಬ್ಬರೂ ಕೂಡಿ 1901ರಲ್ಲಿ ನಕ್ಷೆಗಳನ್ನು ಕಳುಹಿಸಿದರು. ಒಳಾಂಗಣದ ಚಿತ್ರಗಳು ನಿಯಮದಂತೆ ಎಷ್ಟು ಬೇಕಿತ್ತೋ ಅಷ್ಟು ಸಕಾಲಕ್ಕೆ ಸಲ್ಲಲಿಲ್ಲವೆಂಬ ಕಾರಣಕ್ಕೆ ಅವರು ಸ್ಪರ್ಧೆಗೆ ಅನರ್ಹರಾದರು. ಮೊದಲ ಬಹುಮಾನ ಯಾರಿಗೂ ಸಿಗಲಿಲ್ಲ. ಎರಡನೆಯದು ಬೇಲಿ ಸ್ಕಾಟ್ ಎಂಬ ಇಂಗ್ಲಿಷ್ ಶಿಲ್ಪಿಯ ಪಾಲಾಯಿತು. ಆದರೂ ಚಿತ್ರಗಳ ಸೊಗಸಿಗೆ ಮನಸೋತ ತೀರ್ಪುಗಾರರು, ಬಿಟ್ಟುಹೋದವುಗಳನ್ನು ಪೂರೈಸಿಕೊಟ್ಟ ಮೇಲೆ 600 ಮಾರ್ಕುಗಳ ವಿಶೇಷ ಬಹುಮಾನವನ್ನು ಕೊಟ್ಟರು. 1902ರಲ್ಲಿ ಆ ನಕ್ಷೆಗಳು ಪ್ರಕಟವಾದವು. ಮನೆ ಮಾತ್ರ ಕಾಗದದಲ್ಲೇ ಉಳಿಯಿತು. 1928ರಲ್ಲಿ ಮ್ಯಾಕಿಂಟಾಷ್ ತೀರಿಕೊಂಡಾಗಲೂ ಕಾಗದದಲ್ಲೇ ಇತ್ತು.

ಅದಕ್ಕೆ ಕಲ್ಲು ಗಾರೆಗಳ ದೇಹ ಬಂದದ್ದು ಗ್ರಹಾಂ ರಾಕ್ಸ್‌ಬರೊ ಎಂಬ ಇಂಜಿನಿಯರನ ಹಟದಿಂದ. 1989ರಲ್ಲಿ ಕೆಲಸ ಮೊದಲಾಗಿ, ಹಣಕಾಸಿನ ಮುಗ್ಗಟ್ಟಿನಲ್ಲಿ ನಡುವೆ ನಿಂತು, 1996ರಲ್ಲಿ ಬಾಗಿಲು ತೆರೆಯಿತು. ಕಲಾಪ್ರೇಮಿಗಾಗಿ ಕಲ್ಪಿಸಿದ ಆ ಮನೆಯಲ್ಲಿ ಯಾವ ಕಲಾಪ್ರೇಮಿಯೂ ಸಂಸಾರ ಹೂಡಲಿಲ್ಲ. ಅಲ್ಲಿ ಮದುವೆಗಳು ನಡೆಯುತ್ತವೆ, ಪ್ರದರ್ಶನಗಳು ನಡೆಯುತ್ತವೆ, ಕಾಫಿ ಸಿಗುತ್ತದೆ. ಬಿಳಿಯ ಸಂಗೀತ ಶಾಲೆಯ ಎತ್ತರದ ಕಿಟಕಿಗಳಿಂದ ಬೆಳಕು ಸುರಿಯುತ್ತದೆ. ಆದರೆ ಅಲ್ಲಿ ಯಾರಿಗೂ ಜ್ವರ ಬಂದಿಲ್ಲ. ಯಾವ ಮಗುವೂ ಆ ಬಿಳಿ ಗೋಡೆಯ ಮೇಲೆ ಇದ್ದಲಿನಿಂದ ಗೀಚಿಲ್ಲ. ಮನೆಗಳಲ್ಲೆಲ್ಲ ಮೇಲಾದುದನ್ನು ಆರಿಸುವ ಸಭೆ ಸೇರುವುದು ಎಂದೂ ಮನೆಯಾಗದ ಮನೆಯಲ್ಲಿ.

ಇದೇ ಮ್ಯಾಕಿಂಟಾಷ್ ಬದುಕುವ ಜನಕ್ಕಾಗಿ ಕಟ್ಟಿದ ಮನೆಯೊಂದು ಗ್ಲಾಸ್ಗೋದಿಂದ ಅಷ್ಟೇನೂ ದೂರವಲ್ಲದ ಹೆಲೆನ್ಸ್‌ಬರೊ ಊರಿನಲ್ಲಿದೆ. ‘ಹಿಲ್ ಹೌಸ್’ ಎಂದು ಅದರ ಹೆಸರು. ಕಟ್ಟಿಸಿದವನು ವಾಲ್ಟರ್ ಬ್ಲ್ಯಾಕಿ. ಮುಂಬಯಿಯಲ್ಲೂ ಶಾಖೆಯಿದ್ದು ಭಾರತದ ಎಷ್ಟೋ ಶಾಲೆಗಳಿಗೆ ಪಠ್ಯಪುಸ್ತಕ ಒದಗಿಸಿದ ಬ್ಲ್ಯಾಕಿ ಪ್ರಕಾಶನದ ಮನೆತನದವನು. ಮ್ಯಾಕಿಂಟಾಷ್ ಗೆರೆಯೆಳೆಯುವುದಕ್ಕೆ ಮೊದಲು ಬ್ಲ್ಯಾಕಿಯ ಸಂಸಾರವಿದ್ದ ಹಳೆಯ ಮನೆಗೆ ಹೋಗಿ, ಇವರು ಎಂಥ ಜನ, ಇವರ ದಿನ ಹೇಗೆ ಸಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡುಬಂದನಂತೆ. ಮೊದಲು ಒಳಗಿನ ಕೋಣೆಗಳ ನಕ್ಷೆ. ಅದು ಮನೆಯವರಿಗೆ ಒಪ್ಪಿಗೆಯಾದ ಮೇಲಷ್ಟೇ ಹೊರಗಿನ ರೂಪ. ತೀರ್ಪುಗಾರರು ಮನೆಯಿಂದ ಮನುಷ್ಯರನ್ನು ಊಹಿಸುತ್ತಾರೆ; ಅವನು ಮನುಷ್ಯರನ್ನು ನೋಡಿ ಮನೆಯನ್ನು ಊಹಿಸಿದ.

ಹೀಗೆ ಹೊಲಿದ ಅಂಗಿಯಂತೆ ಮೈಗೊಪ್ಪಿದ ಮನೆಯನ್ನು 1904ರಲ್ಲಿ ಮುಗಿಸಿಕೊಟ್ಟ. ಬ್ಲ್ಯಾಕಿ ಕುಟುಂಬ ಅಲ್ಲಿ ಸುಮಾರು ಅರ್ಧ ಶತಮಾನ ಬಾಳಿತು. ಇನ್ನು ದೋಷವೇ ಇಲ್ಲವೆಂದುಕೊಂಡರೆ ತಪ್ಪಾದೀತು. ಹೊರಗೋಡೆಗಳಿಗೆ ರೂಢಿಯ ಸುಣ್ಣದ ಗಾರೆಯನ್ನು ಬಿಟ್ಟು, ಆಗ ಹೊಸದೆನಿಸಿದ್ದ ಪೋರ್ಟ್‌ಲೆಂಡ್ ಸಿಮೆಂಟಿನ ಗಿಲಾವು ಮಾಡಿಸಿದ್ದ. ಪಶ್ಚಿಮ ಸ್ಕಾಟ್ಲೆಂಡಿನ ಮಳೆಗೆ ಅದು ಬಿರುಕು ಬಿಟ್ಟಿತು. ಒಳಹೊಕ್ಕ ನೀರು ಹೊರಬರಲಾರದೆ ಗೋಡೆಯಲ್ಲೇ ನಿಂತಿತು. ಮಲೆನಾಡಿನ ಆಷಾಢವನ್ನು ಕಂಡವರಿಗೆ ಗೋಡೆಯ ಆ ಬೆವರನ್ನು ವರ್ಣಿಸಬೇಕಾಗಿಲ್ಲ. ಒಂದು ಶತಮಾನದ ತೇವವನ್ನು ಆರಿಸಲೆಂದು, ಮನೆಯ ಈಗಿನ ಪೋಷಕರಾದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯವರು ಇಡೀ ಮನೆಯ ಸುತ್ತ ಉಕ್ಕಿನ ಚೌಕಟ್ಟು ನಿಲ್ಲಿಸಿ, ಮೇಲೆ ಸೂರು ಹೊದಿಸಿ, ಪಕ್ಕಗಳಿಗೆ ಲೋಹದ ಬಳೆಗಳ ಜಾಲರಿ ಇಳಿಬಿಟ್ಟರು. ಮನೆಗೇ ಒಂದು ಮನೆ! ಅದಾದದ್ದು ಟೆಲಿವಿಷನ್ ಸ್ಪರ್ಧೆ ಆರಂಭವಾದ ಆ 2019ರಲ್ಲೇ.

ತೀರ್ಪುಗಾರರು ಮೂವರೂ 1904ರಲ್ಲಿ ಹಿಲ್ ಹೌಸಿನ ಬಾಗಿಲು ತಟ್ಟಿದ್ದರೆ ಎಷ್ಟು ಅಂಕ ಕೊಡುತ್ತಿದ್ದರು? 30ಕ್ಕೆ 30 ಕೊಟ್ಟರೂ ಸೋಜಿಗವಿಲ್ಲ. ಆಗ ಗೋಡೆ ಒಣಗಿತ್ತು. ತೇವದ ಸಂಗತಿಯನ್ನು ಅವರಿಗೆ ಹೇಳಬಲ್ಲವರು ನಾಲ್ಕಾರು ಮಳೆಗಾಲ ಅಲ್ಲಿ ಮಲಗಿ ಎದ್ದವರು ಮಾತ್ರ; ಬೆಳಗ್ಗೆ ಎದ್ದೊಡನೆ ಸೂರ್ಯನನ್ನು ಕಾಣುವ ಕಿಟಕಿ ಯಾವುದೆಂದು ಬಲ್ಲವರೂ ಅವರೇ. ಸ್ಪರ್ಧೆಯ ನಿಯಮ ಅವರನ್ನೇ ಹೊರಗೆ ಕಳುಹಿಸುತ್ತದೆ.

ಮನೆಯವರು ಮತ್ತು ತೀರ್ಪುಗಾರರು ಮುಖಾಮುಖಿಯಾಗುವುದು ಕೊನೆಯ ದಿನ, ಕಲಾಪ್ರೇಮಿಯ ಮನೆಯಲ್ಲಿ. ತಾವು ಊಹಿಸಿದ್ದ ಒಂಟಿ ಕಲಾವಿದನ ಬದಲು ಎರಡು ಮಕ್ಕಳ ಕೈಹಿಡಿದ ದಂಪತಿ ಎದುರಿಗೆ ನಿಂತರೂ ನಿಂತಾರು. ಆಗಿನ ನಗುವಿನಲ್ಲಿ ಒಂದಿಷ್ಟು ನಾಚಿಕೆಯೂ ಬೆರೆಯದೆ ಹೋಗದು. ಹೆಸರು ಕೂಗುತ್ತಾರೆ, ಒಬ್ಬರಿಗೆ ಪ್ರಶಸ್ತಿ, ಉಳಿದವರಿಗೆ ಚಪ್ಪಾಳೆ. ಬಳಿಕ ದೀಪಗಳು ಆರುತ್ತವೆ, ಆ ದೊಡ್ಡ ಬಿಳಿಯ ಕಟ್ಟಡಕ್ಕೆ ಹೊರಗಿನಿಂದ ಬೀಗ ಬೀಳುತ್ತದೆ.

ಸೋತವರು ಮಳೆಯಲ್ಲಿ ಊರು ತಲಪಿ, ಕತ್ತಲೆಯಲ್ಲಿ ಬಾಗಿಲು ತೆರೆದು, ದೀಪದ ಗುಂಡಿಯನ್ನು ತಡಕದೆ ಒತ್ತುತ್ತಾರೆ. ಒದ್ದೆ ಕೋಟು ಬಾಗಿಲ ಹಿಂದಿನ ಗೂಟಕ್ಕೆ ಮರಳುತ್ತದೆ. ಕಾಲು ಮುರಿದ ಕುರ್ಚಿಯೂ ಇಷ್ಟು ಹೊತ್ತಿಗೆ ಅಟ್ಟದಿಂದ ಇಳಿದು ತನ್ನ ಜಾಗದಲ್ಲಿ ಕುಳಿತಿದೆ.