ರೈಲು ನಿಲ್ದಾಣದಲ್ಲಿ ಅರ್ಧ ಲೋಟ

ಸೋದರಿಯರೇ, ಶೀರ್ಷಿಕೆ ನೋಡಿ ಇದು ಕಾಫಿಯ ವಿಷಯ ಅಂದುಕೊಂಡಿರಾ? ಅಲ್ಲ, ಬಿಯರಿನ ವಿಷಯ. ಅಯ್ಯೋ ಅಂತ ಪುಟ ತಿರುಗಿಸಬೇಡಿ, ಸ್ವಲ್ಪ ತಾಳಿ. ಕುಡಿತವನ್ನು ಹೊಗಳುವುದಕ್ಕೆ ನಾನು ಲೇಖನಿ ಹಿಡಿದಿಲ್ಲ. ಕುಡಿತದಿಂದ ಹಾಳಾದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು.

ನಮ್ಮ ಊರು ದೊಡ್ಡನೆಕ್ಕುಂದಿ. ಈಗ ಅಲ್ಲಿ ಹೊರವರ್ತುಲ ರಸ್ತೆ, ಗಾಜಿನ ಕಟ್ಟಡಗಳು, ಎತ್ತ ನೋಡಿದರೂ ಕಂಪನಿಗಳು. ನಾನು ಲಂಗ ತೊಡುತ್ತಿದ್ದ ಕಾಲಕ್ಕೆ ಇನ್ನೂ ರಾಗಿಹೊಲ ಇತ್ತು. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಕೈಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಸಂಬಳದ ದಿನ ಬಂತೆಂದರೆ ಅಮ್ಮನ ಮುಖ ಬಾಡುತ್ತಿತ್ತು. ಸಾರಾಯಿ ಪ್ಯಾಕೆಟ್ಟನ್ನು ಅಪ್ಪ ಬಚ್ಚಲು ಒಲೆಯ ಪಕ್ಕದ ಸೌದೆಯ ಸಂದಿಯಲ್ಲಿ ಬಚ್ಚಿಡುತ್ತಿದ್ದರು. ಸೌದೆ ತೆಗೆಯಲು ಹೋದಾಗ ಕೈಗೆ ಸಿಕ್ಕರೆ, ಸಿಗದವಳ ಹಾಗೆ ನಾನು ಮತ್ತೆ ಅಲ್ಲೇ ಇಡುತ್ತಿದ್ದೆ. ಅಮ್ಮನ ಓಲೆ ಹೋಯಿತು, ಹಿತ್ತಾಳೆ ಹಂಡೆ ಹೋಯಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನೇ ಹೋದರು. ನನ್ನ ಓದೂ ಅಲ್ಲಿಗೇ ನಿಂತಿತು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಷೇಧ ಮಾಡಿದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ, “ಹನ್ನೆರಡು ವರ್ಷ ತಡವಾಯ್ತಲ್ಲೇ” ಎಂದು ಕಣ್ಣೊರೆಸಿಕೊಂಡರು.

ಇಂಥವಳಿಗೆ ಒಬ್ಬನೇ ಮಗ. ಕಂಪನಿಯವರು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಕಳಿಸಿದ್ದಾರೆ. ಕಳೆದ ವರ್ಷ ದಸರೆ ಮುಗಿಸಿಕೊಂಡು ನಾನೂ ನಮ್ಮವರೂ ಆರು ವಾರ ಅವನ ಜೊತೆ ಇದ್ದು ಬಂದೆವು. ಹೋದ ಮೊದಲ ವಾರವೇ ರಾತ್ರಿ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಹೇಳಿದ:

“ಅಮ್ಮ, ನಾನು ಆಗಾಗ ಒಂದೊಂದು ಬಿಯರ್ ಕುಡೀತೀನಿ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ.”

ಕಲಸಿದ ಅನ್ನ ಕೈಯಲ್ಲೇ ಉಳಿಯಿತು. ಬಚ್ಚಲಿನ ಸೌದೆ ಕಣ್ಣ ಮುಂದೆ ಬಂತು. ಎದ್ದು ಕೈತೊಳೆದೆ. ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಮ್ಮವರು ಮಧ್ಯೆ ಬಾಯಿ ಹಾಕಲಿಲ್ಲ. ಮೂರನೇ ದಿನ ಅವನೇ ಬಂದು ಪಕ್ಕದಲ್ಲಿ ಕೂತು, “ನೀನೇ ಬಂದು ನೋಡಮ್ಮ. ನೋಡಿದ ಮೇಲೆ ಎಷ್ಟು ಬೇಕಾದರೂ ಬಯ್ಯಿ” ಅಂದ.

ಮ್ಯಾಂಚೆಸ್ಟರಿನಿಂದ ಸ್ಟಾಲಿಬ್ರಿಜ್ ಎಂಬ ಊರಿಗೆ ರೈಲಿನಲ್ಲಿ ಸುಮಾರು ಕಾಲು ಗಂಟೆಯ ದಾರಿ. ಇಳಿದ ಮೇಲೆ ಊರೊಳಗೆ ಹೋಗುವುದೇ ಬೇಡ. ನಾಲ್ಕನೇ ಪ್ಲಾಟ್‌ಫಾರಂ ಮೇಲೇ ಬಫೆ ಬಾರ್ ಎಂಬ ಪಬ್ಬು. 1885ರ ಕಾಲದ್ದು. ಬಾಗಿಲಲ್ಲಿ ನನ್ನ ಕಾಲು ತಡೆಯಿತು. ಬಾರ್ ಎಂದರೆ ನನ್ನ ಮನಸ್ಸಿನಲ್ಲಿದ್ದ ಚಿತ್ರ ಗೊತ್ತಲ್ಲ, ಮಬ್ಬುಗತ್ತಲೆ, ಪರದೆ, ಹೊರಗೆ ಒರಗಿ ಬಿದ್ದವರು. ಇಲ್ಲಿ ನೋಡಿದರೆ ಅಮೃತಶಿಲೆಯ ಕಟ್ಟೆ, ಬೆಂಕಿಗೂಡಿನಲ್ಲಿ ಉರಿಯುತ್ತಿದ್ದ ಬೆಂಕಿ, ಗೋಡೆಯ ತುಂಬ ಹಳೇ ರೈಲಿನ ಚಿತ್ರಗಳು. ನಮ್ಮ ಅಮ್ಮನ ವಯಸ್ಸಿನ ಅಜ್ಜಿಯೊಬ್ಬರು ಹೆಣಿಗೆ ಹಾಕುತ್ತಾ ಕೂತಿದ್ದರು. ಪಕ್ಕದ ಒಂದು ಕೋಣೆ ಹಿಂದೆ ಮೊದಲನೇ ದರ್ಜೆಯ ಹೆಂಗಸರು ರೈಲಿಗಾಗಿ ಕಾಯುವ ಕೊಠಡಿಯಾಗಿತ್ತಂತೆ. ಅದರ ಚಿತ್ತಾರದ ಒಳಮಾಡು ಇಂದಿಗೂ ಹಾಗೇ ಇದೆ. ಹೆಂಗಸರ ಕೊಠಡಿ ಅಂದಮೇಲೆ ನನಗೂ ಕೂರಲು ಧೈರ್ಯ ಬಂತು.

ನಾನೂ ನಮ್ಮವರೂ ಟೀ ತೆಗೆದುಕೊಂಡೆವು. ಅಲ್ಲಿನ ವಿಶೇಷ ತಿಂಡಿ ಎಂದು ಬೇಯಿಸಿದ ಕರಿ ಬಟಾಣಿ ತಂದರು, ಮೇಲೆ ವಿನೆಗರ್ ಹಾಕಿಕೊಂಡು ತಿನ್ನಬೇಕು. ನಮ್ಮ ಕಡಲೆ ಉಸ್ಲಿಯ ದೂರದ ನೆಂಟ ಅನ್ನಿ, ಒಗ್ಗರಣೆ ಇಲ್ಲ ಅಷ್ಟೆ! ಮಗ ಅರ್ಧ ಪೈಂಟ್ ತೆಗೆದುಕೊಂಡ. ಅಂದರೆ 284 ಮಿಲಿಲೀಟರ್. ಕಟ್ಟೆಯ ಹಿಂದಿದ್ದ ಹುಡುಗಿ ಉದ್ದನೆಯ ಹಿಡಿಯನ್ನು ಬೋರ್‌ವೆಲ್ ಕೈಪಂಪಿನ ಹಾಗೆ ಎಳೆದು ಲೋಟ ತುಂಬಿದಳು. ಇದಕ್ಕೆ ‘ರಿಯಲ್ ಏಲ್’ ಎಂದು ಹೆಸರು, ನಿಜವಾದ ಏಲ್ ಅಂತ ಅರ್ಥ.

ಹಾಗಾದರೆ ಸುಳ್ಳು ಏಲೂ ಉಂಟೋ ಎಂದು ಕೇಳಿದೆ. ಮಗ ನಗುತ್ತಾ ವಿವರಿಸಿದ್ದನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ನಾವು ಮಗುವಿನ ಸರಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುವುದಿಲ್ಲವೇ? ಅಲ್ಲಿ ಬಾರ್ಲಿಯನ್ನು ಹಾಗೆ ಮಾಡಿ, ಬಿಸಿನೀರಿನಲ್ಲಿ ಅದರ ಸಿಹಿ ಇಳಿಸುತ್ತಾರೆ. ಕಹಿಗೂ ವಾಸನೆಗೂ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಸೇರಿಸಿದರೆ ರಾತ್ರಿ ಇಟ್ಟ ಇಡ್ಲಿ ಹಿಟ್ಟಿನ ಹಾಗೆ ಉಕ್ಕಿ ಬರುತ್ತದೆ. ಆ ಯೀಸ್ಟ್ ಇನ್ನೂ ಬದುಕಿರುವಾಗಲೇ ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸುತ್ತಾರೆ. ಅಲ್ಲಿ ನೆಲಮಾಳಿಗೆಯ ತಂಪಿನಲ್ಲಿ ಅದು ಪೀಪಾಯಿಯೊಳಗೇ ಹದಕ್ಕೆ ಬರಬೇಕು. ತಿಳಿಯಾಗುವ ತನಕ ಅಲುಗಾಡಿಸುವ ಹಾಗಿಲ್ಲ. ಬಿರಡೆ ತೆಗೆದರೆ ಸುಮಾರು ಮೂರು ದಿನದೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ಕಾರ್ಖಾನೆಯ ಬಿಯರ್ ಹಾಗಲ್ಲ. ಸೋಸಿ, ಬಿಸಿ ಮಾಡಿ, ಜೀವ ತೆಗೆದು, ಮೇಲೆ ಗ್ಯಾಸ್ ತುಂಬಿಸಿದ್ದು. ಬಹಳ ದಿನ ಇರುತ್ತದೆ. ಅಂಗಡಿಯ ಪ್ಯಾಕೆಟ್ ಹಿಟ್ಟಿಗೂ ಮನೆಯಲ್ಲಿ ರುಬ್ಬಿದ ಹಿಟ್ಟಿಗೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಬೇಕೇ?

ಆ ಕಾರ್ಖಾನೆಯ ಬಿಯರೇ ಎಲ್ಲೆಡೆ ತುಂಬಿಕೊಂಡು ಹಳೆಯದು ಮಾಯವಾಗುತ್ತಿದ್ದಾಗ, 1971ರಲ್ಲಿ ನಾಲ್ಕು ಜನ ಸ್ನೇಹಿತರು ಸೇರಿ ಅದನ್ನು ಉಳಿಸಲು ‘ಕ್ಯಾಮ್ರಾ’ ಎಂಬ ಸಂಘ ಕಟ್ಟಿದರಂತೆ. ಸಂಘ ಇಂದಿಗೂ ಇದೆ. ಹೀಗೆ ರೈಲು ನಿಲ್ದಾಣದ ಪಬ್ಬುಗಳನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಮುಂದಿನ ಹಡರ್ಸ್‌ಫೀಲ್ಡ್ ನಿಲ್ದಾಣದಲ್ಲಿ ಒಂದಲ್ಲ, ಎರಡು ಪಬ್ಬಿವೆ.

ಮಗ ಮಾತಾಡುತ್ತಲೇ ಇದ್ದ, ನನ್ನ ಮನಸ್ಸು ಮಾತ್ರ ಮದ್ದೂರಿಗೆ ಹೋಗಿತ್ತು. ಅಪ್ಪನ ಬಗ್ಗೆ ನನಗಿರುವ ಒಂದೇ ಒಂದು ಪೂರ್ತಿ ಸಿಹಿ ನೆನಪು ಅದು. ಎಂಟು ವರ್ಷದವಳಿದ್ದೆ. ಮೈಸೂರಿಗೆ ರೈಲಿನಲ್ಲಿ ಹೊರಟಿದ್ದೆವು. ಮದ್ದೂರು ನಿಲ್ದಾಣದಲ್ಲಿ ಅಪ್ಪ ಇಳಿದು, ಕಾಗದದ ಪೊಟ್ಟಣದಲ್ಲಿ ಬಿಸಿ ವಡೆ, ಒಂದು ಲೋಟ ಕಾಫಿ ತಂದರು. ಹಿಂದೆ ಇದೇ ನಿಲ್ದಾಣದಲ್ಲಿ ರೈಲು ಬೇಗ ಬಂದುಬಿಟ್ಟಿತೆಂದು, ಪಕೋಡ ಕರಿಯಲು ಹೊತ್ತಿಲ್ಲದೆ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರಂತೆ, ಹಾಗೆ ಹುಟ್ಟಿದ್ದು ಮದ್ದೂರು ವಡೆ ಎಂದು ಕಥೆ ಹೇಳಿದರು. ಅದು 1917ರಲ್ಲಿ, ಮಾಡಿದವರು ರಾಮಚಂದ್ರ ಬುಧ್ಯ ಎಂದು ಆಮೇಲೆ ಓದಿ ತಿಳಿದೆ. ಆ ದಿನ ಅಪ್ಪ ಕುಡಿದಿರಲಿಲ್ಲ. ಕಾಫಿಯನ್ನು ಗುಟುಕು ಗುಟುಕಾಗಿ ಹೀರುತ್ತಾ, ಕಿಟಕಿಯಾಚೆ ನೋಡುತ್ತಾ, ಮುಖದಲ್ಲಿ ಒಂದು ನೆಮ್ಮದಿ.

ತಲೆ ಎತ್ತಿದರೆ ಎದುರಿಗೆ ಅದೇ ಮುಖ. ಮಗ ಲೋಟ ಹಿಡಿದು ಕಿಟಕಿಯಾಚೆ ರೈಲು ನೋಡುತ್ತಿದ್ದ. ಅಜ್ಜನದೇ ಹಣೆ, ಅಜ್ಜನದೇ ಗಲ್ಲ. ನನಗೆ ಸಂತೋಷವಾಯಿತೋ ಭಯವಾಯಿತೋ ಹೇಳಲಾರೆ. ಎರಡೂ ಆಯಿತು.

ನಮ್ಮ ರೈಲಿನ ಹೊತ್ತಾಯಿತು. ಲೋಟದಲ್ಲಿ ಇನ್ನೆರಡು ಗುಟುಕು ಉಳಿದಿತ್ತು. ಅವನು ಅದನ್ನು ಹಾಗೇ ಬಿಟ್ಟು ಎದ್ದ. ಸೋದರಿಯರೇ, ನಕ್ಕರೂ ನಗಿ, ಆ ಎರಡು ಗುಟುಕನ್ನು ನಾನು ತಿರುತಿರುಗಿ ನೋಡುತ್ತಾ ಹೊರಬಂದೆ. ನಮ್ಮಪ್ಪ ತಳದ ಹನಿಯನ್ನೂ ಬಿಟ್ಟವರಲ್ಲ.

ರೈಲಿನಲ್ಲಿ ನಾನು ಬಾಯಿಬಿಟ್ಟೆ. “ಇಲ್ಲಿ ಬೆಳಕಿದೆ, ನಾಲ್ಕು ಜನ ಇದ್ದಾರೆ, ರೈಲಿಗೆ ಏಳಲೇಬೇಕು. ಸರಿ. ಆದರೆ ಬಿಯರೂ ಹೆಂಡವೇ ಅಲ್ವೇನೋ? ಒಳ್ಳೆಯವರ ಜಾಗದಲ್ಲಿ ಕುಡಿದ ಮಾತ್ರಕ್ಕೆ ಅದು ನೀರಾಗುತ್ತಾ?” ಅವನು ವಾದ ಮಾಡಲಿಲ್ಲ. ಈ ರೈಲು ದಾರಿಯ ಪಬ್ಬುಗಳಿಗೂ ಶನಿವಾರ ಗುಂಪು ಗುಂಪಾಗಿ ಬಂದು, ಮಿತಿ ಮೀರಿ ಕುಡಿದು ಗಲಾಟೆ ಮಾಡುವವರಿದ್ದಾರೆ, ಊರವರು ಬೇಸತ್ತದ್ದೂ ಉಂಟು ಎಂದು ತಾನೇ ಒಪ್ಪಿಕೊಂಡ. ಹೆಂಡ ಎಷ್ಟು ಕಡಿಮೆಯಾದರೂ ಅಪಾಯವಿಲ್ಲದ್ದು ಎನ್ನುವ ಹಾಗಿಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದನ್ನೂ ಅವನೇ ಹೇಳಿದ್ದು. ಆಗ ನಾನು ಅಜ್ಜನ ಕಥೆ ಹೇಳಿದೆ. ಸೌದೆಯ ಸಂದಿ, ಓಲೆ, ಹಂಡೆ, ನಿಂತುಹೋದ ಓದು. ಇಷ್ಟು ವರ್ಷ ಅವನಿಗೆ “ಅಜ್ಜನಿಗೆ ಕಾಯಿಲೆ ಇತ್ತು” ಅಂತಷ್ಟೇ ಹೇಳಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಮೊದಲೇ ಹೇಳಬೇಕಿತ್ತಮ್ಮ” ಅಂದ.

ಆ ಮಾತು ನನಗೆ ನಾಟಿತು. ಅಪ್ಪ ಪ್ಯಾಕೆಟ್ ಬಚ್ಚಿಟ್ಟರು, ನಾನು ಅಪ್ಪನನ್ನೇ ಬಚ್ಚಿಟ್ಟೆ. ನಮ್ಮ ಮನೆಯಲ್ಲಿ ಬಚ್ಚಿಡದೆ ಹೇಳಿದವನು ಈ ಹುಡುಗ ಒಬ್ಬನೇ. ಅವನ ಜೊತೆಗೇ ಎರಡು ದಿನ ಮಾತು ಬಿಟ್ಟಿದ್ದೆನಲ್ಲ!

ಕುಡಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಒಬ್ಬನೇ ಕೂತು ಕುಡಿಯಬೇಡ, ದುಃಖಕ್ಕೆ ಕುಡಿಯಬೇಡ, ನನ್ನಿಂದ ಮುಚ್ಚಿಡಬೇಡ ಎಂದು ಮೂರು ಮಾತು ತೆಗೆದುಕೊಂಡೆ. ಇದರಿಂದ ಎಲ್ಲ ಸರಿಹೋಗುತ್ತದೆಂದು ನಂಬುವಷ್ಟು ದಡ್ಡಿ ನಾನಲ್ಲ. ನಮ್ಮ ಅಪ್ಪನಿಗೆ ಇಂಥ ಮಾತು ಸಾಲುತ್ತಿರಲಿಲ್ಲ, ಅವರಿಗೆ ವೈದ್ಯರು ಬೇಕಿತ್ತು. ಅದು ಆಗ ನಮಗೆ ತಿಳಿಯಲಿಲ್ಲ.

ದೊಡ್ಡನೆಕ್ಕುಂದಿಯ ಸುತ್ತಮುತ್ತಲೂ ಈಗ ತಾವೇ ಬಿಯರ್ ತಯಾರಿಸುವ ಪಬ್ಬುಗಳಿವೆ. ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ, ಕೆಲಸ ಮುಗಿಸಿದ ಹುಡುಗ ಹುಡುಗಿಯರು ಗುಂಪಾಗಿ ಹೋಗುವುದು ಕಾಣುತ್ತದೆ. ಮೊದಲು ಶಪಿಸುತ್ತಿದ್ದೆ. ಈಗ, ಇವರ ಅಮ್ಮಂದಿರಿಗೆ ಗೊತ್ತಿದೆಯೋ ಇಲ್ಲವೋ ಎಂದು ಯೋಚಿಸುತ್ತೇನೆ. ನಿಮ್ಮ ಮಗನೋ ಮಗಳೋ ಒಂದು ದಿನ ತಟ್ಟೆ ನೋಡುತ್ತಾ ಇಂಥದೇ ಮಾತು ತೆಗೆದರೆ, ನನ್ನ ಹಾಗೆ ಎದ್ದು ಕೈತೊಳೆಯಬೇಡಿ. ಕೂತು ಪೂರ್ತಿ ಕೇಳಿ. ಬೈಯುವುದಕ್ಕೆ ಆಮೇಲೂ ಹೊತ್ತಿರುತ್ತದೆ.